ಮೂರು ಮಿಲ್ಲಿಮೀಟರ್ ಬಿಟ್ಟು

ಗಾಜು ಕೊಯ್ಯುವವನು ಸಂಜೆ ಮನೆಗೆ ಬಂದರೆ ಮೂರು ಸಲ ಕೈ ತೊಳೆಯುತ್ತಾನೆ. ಮೊದಲನೆಯದು ಹೊರಗಿನ ನಲ್ಲಿಯಲ್ಲಿ, ಬರೀ ನೀರಿನಲ್ಲಿ, ಉಜ್ಜದೆ. ಉಜ್ಜಿದರೆ ಚೂರು ಒಳಗೆ ಇಳಿಯುತ್ತದೆ. ಎರಡನೆಯದು ಬಚ್ಚಲಲ್ಲಿ, ಸೋಪು ಹಾಕಿ. ಮೂರನೆಯದು ಮಗಳು ಹೇಳಿದ ಮೇಲೆ. "ಅಪ್ಪ, ಇನ್ನೊಂದ್ಸಲ," ಎಂದು ಅವಳು ಅಡುಗೆಮನೆಯ ಮೇಜಿನಿಂದ ಕೂಗುವ ತನಕ ಅವನ ಕೈ ತೊಳೆದಂತಲ್ಲ.

ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸು. ಹುಟ್ಟಿದ ಮೇಲೆ ಮೂರು ತಿಂಗಳು ಒಂದೇ ಶ್ರುತಿ ಹಿಡಿದು ಅತ್ತಿದ್ದಳು. ಕೆಳಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು, "ನಿಮ್ಮನೆ ಪಿಟೀಲು ಯಾವಾಗ ನಿಲ್ಲುತ್ತಪ್ಪ," ಎಂದು ಕೇಳಿದ್ದಳು. ಪಿಟೀಲು ನಿಂತು ಎಷ್ಟೋ ವರ್ಷವಾದರೂ ಹೆಸರು ನಿಲ್ಲಲಿಲ್ಲ. ಎರಡನೇ ಕ್ಲಾಸಿನಲ್ಲೇ ಪಿಟೀಲು ಹನ್ನೆರಡರ ತನಕ ಮಗ್ಗಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನೀರು ಕುಡಿದ ಹಾಗೆ ಒಪ್ಪಿಸುತ್ತಿದ್ದಳು.

ಮೂರನೇ ತೊಳೆತವಾದ ಮೇಲೆ ಕೈ ತಪಾಸಣೆ. ಅವನು ಎರಡೂ ಅಂಗೈ ಮೇಲೆ ಮಾಡಿ ಮೇಜಿನ ಮೇಲಿಡಬೇಕು. ಅವಳು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಚಿಮಟ ಹಿಡಿದು, ಉಸಿರು ಬಿಗಿಹಿಡಿದು, ಮಿಣುಕ್ಕೆನ್ನುವ ಚೂರನ್ನು ಹುಡುಕಬೇಕು. ಸಿಕ್ಕಿದ್ದನ್ನು ಹಳೆಯ ಔಷಧಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ತಿರುಗಿಸಿದ ಮೇಲೆ, "ನಿನ್ನ ಕೈ ನಾನು ನೋಡಿದೆ. ಇನ್ನು ನನ್ನ ಲೆಕ್ಕ ನೀನು ನೋಡು," ಎಂದು ಪುಸ್ತಕ ತೆಗೆಯಬೇಕು. ಇದು ಅವರಿಬ್ಬರ ಕರಾರು.

ಇದರಲ್ಲಿ ಅವನದೊಂದು ಸಣ್ಣ ಮೋಸವಿತ್ತು. ಅಂಗಡಿಯಿಂದ ಹೊರಡುವ ಮೊದಲೇ ಅವನು ಅಂಟುಪಟ್ಟಿ ಒತ್ತಿ ಒತ್ತಿ ಚೂರುಗಳನ್ನೆಲ್ಲ ಎತ್ತಿಬಿಡುತ್ತಿದ್ದ. ಎಡಗೈ ಹೆಬ್ಬೆರಳಿನ ಬುಡದಲ್ಲಿ, ಚರ್ಮ ದಪ್ಪಗಿದ್ದು ನೋವಾಗದ ಜಾಗದಲ್ಲಿ, ಒಂದನ್ನು ಮಾತ್ರ ಬಿಟ್ಟುಕೊಳ್ಳುತ್ತಿದ್ದ. ಏನೂ ಸಿಗದೆ ಹೋದ ದಿನ ಅವಳ ಮುಖ ಸಪ್ಪಗಾಗುವುದನ್ನು ಅವನು ಒಮ್ಮೆ ನೋಡಿದ್ದ. ಅಷ್ಟು ಸಾಕಾಗಿತ್ತು.

ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಮಧ್ಯಾಹ್ನದಿಂದ ರಾತ್ರಿಯ ಪಾಳಿ. ಬೆಳಗ್ಗೆ ಮಗಳು ಎದ್ದು ಹೊರಡುವ ಗಡಿಬಿಡಿಯಲ್ಲಿ ಅವನೂ ಹೊರಟಿರುತ್ತಿದ್ದ. ಹಾಗಾಗಿ ದಿನದಲ್ಲಿ ಮಗಳು ಅವನಿಗೆ ಸಿಗುತ್ತಿದ್ದದ್ದು ಸಂಜೆ ಆರೂವರೆಯಿಂದ ಏಳರ ತನಕ, ಆ ಅರ್ಧ ಗಂಟೆ. ಏಳಕ್ಕೆ ಅವನು ಒಲೆ ಹಚ್ಚಬೇಕಿತ್ತು, ಆಮೇಲೆ ಊಟ, ನಿದ್ದೆ. ಅವನು ಓದಿದ್ದು ಎಂಟನೇ ಕ್ಲಾಸು. ಮಗಳು ಐದು. ಎಂಟರಲ್ಲಿ ಐದು ಹೋದರೆ ಮೂರು ಎಂದು ಅವನು ಯಾರಿಗೂ ಹೇಳದೆ ಲೆಕ್ಕ ಹಾಕಿ ಇಟ್ಟುಕೊಂಡಿದ್ದ. ಇನ್ನು ಮೂರು ವರ್ಷ ಅವಳ ಲೆಕ್ಕ ತನ್ನ ಕೈಗೆ ಎಟುಕುತ್ತದೆ, ಮೂರು ವರ್ಷ ಅವಳು ಈ ಮೇಜಿಗೆ ಬರುತ್ತಾಳೆ. ಆಮೇಲೆ ಏನೋ ಎಂತೋ.

ಎರಡು ತಿಂಗಳ ಹಿಂದಿನ ಒಂದು ಸಂಜೆ ಅವಳು ಪುಸ್ತಕ ತೆರೆದು ಓದಿದಳು. "ಒಂದು ಕಿಟಕಿಯ ಚೌಕಟ್ಟು ನೂರ ಇಪ್ಪತ್ತು ಸೆಂಟಿಮೀಟರ್ ಉದ್ದ, ತೊಂಬತ್ತು ಸೆಂಟಿಮೀಟರ್ ಅಗಲವಿದೆ. ಅದಕ್ಕೆ ಹಾಕಲು ಎಷ್ಟು ಗಾಜು ಬೇಕು?"

ಗಾಜು ಕೊಯ್ಯುವವನು ಕುರ್ಚಿಯಲ್ಲಿ ನೆಟ್ಟಗಾದ. ಇಷ್ಟು ದಿನ ಯಾರೋ ಮಾವಿನಹಣ್ಣು ಹಂಚುತ್ತಿದ್ದರು, ಯಾರೋ ಪೆನ್ಸಿಲು ಎಣಿಸುತ್ತಿದ್ದರು. ಈಗ ಲೆಕ್ಕ ತಾನಾಗಿ ಅವನ ಅಂಗಡಿಗೆ ಬಂದಿತ್ತು.

"ಗುಣಿಸಿದ್ರೆ ಆಯ್ತಲ್ಲಪ್ಪ," ಎಂದಳು ಪಿಟೀಲು.

"ಗುಣಿಸೋದು ಆಮೇಲೆ. ಮೊದಲು ಜಾಗ ಬಿಡು. ಚೌಕಟ್ಟಿನಷ್ಟೇ ಗಾಜು ಕೊಯ್ದರೆ ಏನಾಗುತ್ತೆ?"

"ಸರಿಯಾಗಿ ಕೂರುತ್ತೆ."

"ಕೂರುತ್ತೆ. ಬಿಸಿಲು ಬಿದ್ದಾಗ ಗಾಜು ಉಬ್ಬುತ್ತೆ, ಮಳೆಗೆ ಮರ ಉಬ್ಬುತ್ತೆ. ಇಬ್ಬರೂ ಉಬ್ಬಿದರೆ ಸೀಳೋದು ಯಾರು? ಗಾಜು. ಅದಕ್ಕೇ ಉದ್ದಕ್ಕೆ ಮೂರು ಮಿಲ್ಲಿಮೀಟರ್ ಬಿಡಬೇಕು, ಅಗಲಕ್ಕೆ ಮೂರು. ಬಡಗಿ ಮಗಳಾಗಿದ್ರೆ ನಿನಗೆ ಗೊತ್ತಿರ್ತಿರ್ಲಿಲ್ಲ."

ಅವಳ ಕಣ್ಣು ಅರಳಿತು. ನೂರ ಹತ್ತೊಂಬತ್ತು ಪಾಯಿಂಟ್ ಏಳು, ಎಂಬತ್ತೊಂಬತ್ತು ಪಾಯಿಂಟ್ ಏಳು. ಅಷ್ಟು ದೊಡ್ಡ ದಶಮಾಂಶದ ಗುಣಾಕಾರವನ್ನು ಅವಳು ಮಾಡಿಯೇ ಇರಲಿಲ್ಲ. ಇಬ್ಬರೂ ಸೇರಿ, ಎರಡು ಸಲ ತಪ್ಪಿ, ಮೂರನೇ ಸಲ ಹತ್ತು ಸಾವಿರದ ಏಳುನೂರ ಮೂವತ್ತೇಳು ಪಾಯಿಂಟ್ ಸೊನ್ನೆ ಒಂಬತ್ತು ಎಂದು ತಂದಾಗ ಗಂಟೆ ಏಳೂಕಾಲು. ಅವಳು ಉತ್ತರದ ಕೆಳಗೆ ಅಳತೆಪಟ್ಟಿ ಇಟ್ಟು ಎರಡು ಗೆರೆ ಎಳೆದಳು.

ಮರುದಿನ ಸಂಜೆ ಅವನು ಕೈ ತೊಳೆಯುವ ಮೊದಲೇ ಕೇಳಿದ್ದ. "ಏನಂದ್ರು ನಿಮ್ಮ ಮಿಸ್?"

"ಸರಿ ಅಂದ್ರು."

ಕಂದು ಹೊದಿಕೆಯ ಆ ಪುಸ್ತಕದಲ್ಲಿ ಕಿಟಕಿಯ ಲೆಕ್ಕದ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಸರಿ ಗುರುತು ಇತ್ತು. ಅದೇ ಪುಸ್ತಕದ ಇನ್ನೊಂದು ಕಡೆ ಹಾಳೆಯೊಂದು ಸಡಿಲವಾಗಿ ಹೊರಗೆ ಜಾರುತ್ತಿತ್ತು. ಈಗಿನ ಪುಸ್ತಕಗಳ ಹೊಲಿಗೆಯೇ ಇಷ್ಟು ಎಂದು ಗೊಣಗಿಕೊಂಡು ಅವನೇ ಅದಕ್ಕೆ ಗೋಂದು ಹಚ್ಚಿ ಅಂಟಿಸಿದ್ದ.

ಆ ಒಂದು ಕೆಂಪು ಗುರುತು ಅವನಿಗೆ ರೆಕ್ಕೆ ಕಟ್ಟಿತು. ಪುಸ್ತಕ ಬರೆದವರು ಮಕ್ಕಳ ಬುದ್ಧಿ ಹೀಗೇ ಪರೀಕ್ಷಿಸುತ್ತಾರೆ, ಲೆಕ್ಕದ ಗುಟ್ಟು ಹೇಳದೆ ಬಿಟ್ಟದ್ದರಲ್ಲೇ ಇದೆ ಎಂದು ತೀರ್ಮಾನಿಸಿಬಿಟ್ಟ. ನೀರಿನ ತೊಟ್ಟಿ ಬಂದರೆ ಮೇಲೆ ನಾಲ್ಕು ಬೆರಳು ಜಾಗ ಬಿಡಿಸಿದ. "ಅಂಚಿನ ತನಕ ತುಂಬಿಸೋದು ತಲೆ ಕೆಟ್ಟವರು." ಹನ್ನೆರಡು ಮೀಟರಿನ ಹಲಗೆಯನ್ನು ಆರು ತುಂಡು ಮಾಡುವ ಲೆಕ್ಕ ಬಂದರೆ, ಗರಗಸ ತಿನ್ನುವ ಮರವನ್ನು ಐದು ಸಲ ಕಳೆಸಿದ. ಗಂಟೆಗೆ ಅರವತ್ತು ಕಿಲೋಮೀಟರ್ ಹೋಗುವ ರೈಲು ಬಂದಾಗ, "ನಡುವೆ ಎಲ್ಲೂ ನಿಲ್ಲಲ್ವಾ? ಜನ ಟೀ ಕುಡಿಯೋದು ಬೇಡ್ವಾ?" ಎಂದು ಹನ್ನೆರಡು ನಿಮಿಷ ಸೇರಿಸಿದ. ಪಿಟೀಲು ಪ್ರತಿಯೊಂದನ್ನೂ ಅವನು ಹೇಳಿದಂತೆ ಬರೆದಳು. ಮರುದಿನ ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಗುರುತು ಇರುತ್ತಿತ್ತು.

ಒಂದೇ ವ್ಯತ್ಯಾಸವೆಂದರೆ ಅವಳು ಬೆಳಗ್ಗೆ ಬೇಗ ಎದ್ದು ಶಾಲೆಗೆ ಓಡತೊಡಗಿದ್ದಳು. ಓದಿನ ರುಚಿ ಹತ್ತಿದೆ ಎಂದುಕೊಂಡ.

ಶನಿವಾರ ಶಾಲೆಯಲ್ಲಿ ತಂದೆತಾಯಿಯರ ಸಭೆ. ಯಾವಾಗಲೂ ಹೆಂಡತಿಯೇ ಹೋಗುತ್ತಿದ್ದಳು. ಆ ದಿನ ಬೆಳಗ್ಗೆ ಆಸ್ಪತ್ರೆಯಿಂದ ಫೋನು ಬಂತು, ಇಬ್ಬರು ರಜೆ, ಈಗಲೇ ಬರಬೇಕಂತೆ.

"ನಾನು ಹೋಗ್ತೀನಿ ಬಿಡು ಶಾಲೆಗೆ," ಎಂದ ಅವನು.

"ಬೇಡ ರೀ, ಮುಂದಿನ ವಾರ ನಾನೇ ಹೋಗಿ ಮಾತಾಡ್ತೀನಿ. ನಿಮಗೆ ಬೇಕರಿ ಗಾಜಿನ ಕೆಲಸ ಇದೆಯಲ್ಲ."

"ಬೇಕರಿ ಹತ್ತೂವರೆಗೆ. ದಾರಿಲೇ ಇದೆ."

ಪಿಟೀಲು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದು ನಿಂತಳು. "ಅಪ್ಪ, ನೀನು ಬೇಡ. ಅಲ್ಲಿ ಚಿಕ್ಕ ಚಿಕ್ಕ ಕುರ್ಚಿ. ನಿನಗೆ ಆಗಲ್ಲ."

ಅವನು ನಕ್ಕ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಅವನಿಗೆ ಆಮೇಲೆ ನೆನಪಾಯಿತು.

ಕುರ್ಚಿಗಳು ನಿಜಕ್ಕೂ ಚಿಕ್ಕವು. ಮೊಣಕಾಲು ಎದೆಗೆ ತಾಗುವಂತೆ ಕುಳಿತ ಅವನ ಎದುರು ಲೆಕ್ಕದ ಟೀಚರ್ ಪುಸ್ತಕಗಳ ರಾಶಿಯಿಂದ ಒಂದನ್ನು ಎಳೆದರು. ನೀಲಿ ಹೊದಿಕೆಯದು.

"ತಪ್ಪಾಗಿ ತೆಗೆದ್ರಿ ಮೇಡಂ. ನಮ್ಮದು ಕಂದು ಬಣ್ಣದ್ದು."

ಟೀಚರ್ ಹೆಸರು ನೋಡಿದರು. "ಇಲ್ಲ, ಇದೇ. ಎರಡು ತಿಂಗಳಿಂದ ನೀಲಿದೇ. ನಿಮಗೆ ತೋರಿಸೋಕೆ ಇಟ್ಕೊಂಡೆ, ಮಧ್ಯಾಹ್ನ ಅವಳ ಕೈಗೇ ಕೊಡ್ತೀನಿ."

ಅವನು ತೆರೆದ. ಮಗಳ ಅಕ್ಷರ. ಏಳನ್ನು ಕತ್ತು ಬಗ್ಗಿಸಿ ಬರೆಯುವುದು, ಉತ್ತರದ ಕೆಳಗೆ ಎರಡು ಗೆರೆ. ನೀರಿನ ತೊಟ್ಟಿ ಅಂಚಿನ ತನಕ ತುಂಬಿತ್ತು. ಹಲಗೆಯಿಂದ ಗರಗಸ ಏನನ್ನೂ ತಿಂದಿರಲಿಲ್ಲ, ಆರು ತುಂಡು, ತಲಾ ಎರಡು ಮೀಟರ್. ರೈಲು ಎಲ್ಲೂ ನಿಲ್ಲದೆ ಹೊತ್ತಿಗೆ ಸರಿಯಾಗಿ ಊರು ಸೇರಿತ್ತು. ಪಕ್ಕದಲ್ಲಿ ಟೀಚರ ಕೆಂಪು ಗುರುತು. ಉದ್ದ ಬಾಲ, ಬಾಲದ ತುದಿಗೆ ಸಹಿ, ಸಹಿಯ ಕೆಳಗೆ ತಾರೀಖು. ಕಂದು ಪುಸ್ತಕದ ಗುರುತುಗಳಿಗೆ ಬಾಲವಿರಲಿಲ್ಲ. ಅವು ಚಿಕ್ಕವು, ಹುಷಾರಾಗಿ ಹಾಕಿದವು, ಒಂದರಂತೆ ಇನ್ನೊಂದು. ಅವನ್ನು ಹಾಕಿದ ಕೈ ಯಾವುದೆಂದು ಅವನಿಗೆ ಆಗ ತಿಳಿಯಿತು.

"ಎಲ್ಲ ಪಾಲಕರಿಗೂ ನಿಮ್ಮನ್ನ ತೋರಿಸಬೇಕು ಅನ್ಸುತ್ತೆ," ಎನ್ನುತ್ತಿದ್ದರು ಟೀಚರ್. "ಮನೆಯಲ್ಲಿ ಯಾರು ಹೇಳ್ಕೊಡ್ತಾರೆ ಅಂದ್ರೆ ಅಪ್ಪ ಅಂತಾಳೆ. ಶುರುವಿನಲ್ಲಿ ನನಗೆ ಭಯ ಇತ್ತು. ಆ ಕಿಟಕಿ ಲೆಕ್ಕಕ್ಕೆ ನನ್ನ ಹತ್ರ ಏನು ಜಗಳ ಆಡಿದ್ಲು ಅಂತೀರಿ. 'ನಮ್ಮಪ್ಪ ಇಪ್ಪತ್ತು ವರ್ಷದಿಂದ ಗಾಜು ಕೊಯ್ತಾರೆ, ನೀವು ಎಷ್ಟು ಕೊಯ್ದಿದ್ದೀರಿ ಮಿಸ್' ಅಂತ ಎದ್ದು ನಿಂತು ಕೇಳಿದ್ಲು. ಒಂದೂ ಇಲ್ಲಮ್ಮ ಅಂದೆ. ಕ್ಲಾಸೆಲ್ಲ ನಕ್ಕಿತು. ಆಮೇಲೆ ಸ್ವಲ್ಪ ದಿನ ಹುಡುಗರು ಅವಳನ್ನ 'ಮೂರು ಮಿಲ್ಲಿ' ಅಂತ ರೇಗಿಸ್ತಿದ್ರು. ನಾನೇ ಗದರಿಸಿ ನಿಲ್ಲಿಸಿದೆ. ನಿಮಗೆ ಹೇಳಿರಬೇಕಲ್ಲ."

"ಹೂಂ," ಎಂದ ಅವನು. "ಹೇಳಿದ್ಲು."

"ಒಂದೇ ಒಂದು ಮಾತು. ಅಷ್ಟು ಬೇಗ ಕಳಿಸಬೇಡಿ. ಏಳೂಮುಕ್ಕಾಲಿಗೆಲ್ಲ ಬಂದು ಮೆಟ್ಟಿಲ ಮೇಲೆ ಕೂತು ಬರೀತಿರ್ತಾಳೆ. ಬಾಗಿಲೇ ತೆಗೆದಿರಲ್ಲ. ಕೇಳಿದ್ರೆ, ಮನೇಲಿ ಮಾಡಿದ್ದನ್ನ ನೀಟಾಗಿ ಬರೀತಿದೀನಿ ಮಿಸ್ ಅಂತಾಳೆ."

ಅವನು ತಲೆಯಾಡಿಸಿದ. ಎದ್ದು ನಿಂತಾಗ ಚಿಕ್ಕ ಕುರ್ಚಿಯೂ ಅವನ ಜೊತೆಗೆ ಎದ್ದಿತು; ಪಕ್ಕದ ಸಾಲಿನ ತಾಯಂದಿರು ಮುಖ ತಿರುಗಿಸಿ ನಕ್ಕರು. ಅವನಿಗೂ ನಗಬೇಕೆನಿಸಿತು, ಬರಲಿಲ್ಲ.

ಹತ್ತೂವರೆಗೆ ಬೇಕರಿಯ ಮುಂದೆ ನಿಂತು ಅಳತೆ ತೆಗೆದ. ಮುಂಗಟ್ಟಿನ ಹಳೆಯ ಗಾಜು ಮಸುಕಾಗಿತ್ತು, ಹೊಸದು ಹಾಕಬೇಕಿತ್ತು. ಜೊತೆಗೆ ಬಂದವನು ಚೌಕಟ್ಟಿನ ಬಡಗಿ. ಅವನ ದನಿ ಕೇಳಿದವರು ಯಾರೂ ಅವನಿಗೆ ಗರಗಸ ಎಂದು ಯಾಕೆ ಹೆಸರು ಬಂತು ಎಂದು ಕೇಳುವುದಿಲ್ಲ. ಗರಗಸ ಅಳತೆಪಟ್ಟಿಯ ಆ ತುದಿ ಹಿಡಿದ, ಇವನು ಈ ತುದಿ ಓದಿ ಚೀಟಿಯಲ್ಲಿ ಬರೆದುಕೊಂಡ. ಇಪ್ಪತ್ತು ವರ್ಷದಿಂದ ಅವನು ಚೀಟಿಯಲ್ಲಿ ಬರೆಯುತ್ತಿದ್ದದ್ದು ಚೌಕಟ್ಟಿನ ಅಳತೆಯನ್ನೇ. ಬಿಡಬೇಕಾದ ಮೂರು ಮಿಲ್ಲಿಮೀಟರ್ ಚೀಟಿಯಲ್ಲಿರುತ್ತಿರಲಿಲ್ಲ, ಕೈಯಲ್ಲಿರುತ್ತಿತ್ತು. ಗಾಜು ಕೊಯ್ಯುವ ಪೆನ್ನು ಹಿಡಿದು ಗಾಜಿನ ಮೇಲೆ ಬಾಗಿದರೆ ಕೈ ತಾನಾಗಿ ಅಷ್ಟು ಒಳಗೆ ಸರಿಯುತ್ತಿತ್ತು.

ಆ ದಿನ ಅಂಗಡಿಯ ಉದ್ದ ಮೇಜಿನ ಮೇಲೆ ಗಾಜು ಮಲಗಿಸಿ ವಜ್ರದ ಪೆನ್ನು ಎಳೆಯುವಾಗ ಅವನ ಕಣ್ಣ ಮುಂದೆ ಶಾಲೆಯ ಮೆಟ್ಟಿಲಿತ್ತು. ಅದರ ಮೇಲೆ ತೊಡೆಗೆ ಪುಸ್ತಕವಿಟ್ಟು, ಅಪ್ಪ ಹೇಳಿದ್ದನ್ನೆಲ್ಲ ಬಿಟ್ಟು, ಬೇರೆ ಲೆಕ್ಕ ಬರೆಯುತ್ತಿರುವ ಮಗಳು. ಕಂದು ಪುಸ್ತಕದ ಹಾಳೆ ಸಡಿಲವಾದದ್ದು ಯಾಕೆ ಎಂಬುದು ಈಗ ಹೊಳೆಯಿತು. ಟೀಚರ್ ತಪ್ಪು ಹಾಕಿದ ಹಾಳೆಯನ್ನು ಅವಳು ಕಿತ್ತು, ಅದೇ ಲೆಕ್ಕವನ್ನು ಇನ್ನೊಂದು ಹಾಳೆಯಲ್ಲಿ ಬರೆದು ತಾನೇ ಸರಿ ಗುರುತು ಹಾಕಿದ್ದಳು. ಒಂದು ಹಾಳೆ ಕಿತ್ತರೆ ಅದರ ಜೋಡಿ ಸಡಿಲವಾಗುತ್ತದೆ. ಅದಕ್ಕೆ ಗೋಂದು ಹಚ್ಚಿದವನು ತಾನೇ.

ಬೇಕರಿಯ ಚೌಕಟ್ಟಿನಲ್ಲಿ ಗಾಜು ಸ್ವಲ್ಪ ಬಿಗಿಯಾಗಿಯೇ ಕುಳಿತಿತು. ಮೋಡ ಕವಿದ ತಂಪು ಹೊತ್ತು; ಅಂಗೈಯಿಂದ ಎರಡು ಸಲ ಗುದ್ದಿದಾಗ ಒಳಗೆ ಸೇರಿತು. ಗರಗಸ ಸುತ್ತ ಮರದ ಪಟ್ಟಿ ಹೊಡೆದ. ಒಡತಿ ಟ್ರೇಗಳನ್ನು ಮುಂದಕ್ಕೆ ಸರಿಸಿ, "ಈಗ ನೋಡಿ, ಬನ್ನುಗಳು ಮದುಮಕ್ಕಳ ಥರ ಕಾಣ್ತಿವೆ," ಎಂದಳು.

ಮೂರು ಗಂಟೆಗೆ ಬಿಸಿಲು ಬಂತು. ಮೂರೂವರೆಗೆ ಬೇಕರಿಯಿಂದ ಫೋನು.

ಕೆಳಗಿನ ಎಡ ಮೂಲೆಯಿಂದ ಹೊರಟ ಸೀಳು ಮೇಲಿನ ಬಲ ಮೂಲೆಯ ಹತ್ತಿರ ಹೋಗಿ, ಅಲ್ಲಿ ಎರಡಾಗಿ ಕವಲೊಡೆದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಟಿಕ್ ಅಂತ ಒಂದೇ ಸದ್ದು, ಅಷ್ಟೇ ಎಂದಳು ಒಡತಿ. ಅವಳ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಹತ್ತು ವರ್ಷದ ಹಿಂದೆ ಹಿತ್ತಲ ಕಿಟಕಿಗೆ ಅವನೇ ಹಾಕಿದ್ದ ಗಾಜು ಇನ್ನೂ ಹಾಗೇ ಇತ್ತು. ಅವನು ಅಳತೆಪಟ್ಟಿಯನ್ನು ಚೌಕಟ್ಟಿಗೂ ಗಾಜಿಗೂ ಹಿಡಿದು ನೋಡಿದ. ಎರಡೂ ಒಂದೇ.

"ಏನಣ್ಣ ಇದು," ಎಂದ ಗರಗಸ, ಮರದ ಪಟ್ಟಿ ಕೀಳುತ್ತಾ. "ಚೌಕಟ್ಟಿನಷ್ಟೇ ಕೊಯ್ದಿದೀಯ. ನೀನು. ನಿನ್ನೆ ಕೆಲಸಕ್ಕೆ ಸೇರಿದವನೂ ಹೀಗೆ ಮಾಡಲ್ಲ. ಅತ್ತಿಗೆ ಜೊತೆ ಜಗಳನಾ?"

"ಇಲ್ಲ."

"ಜಗಳ ಆದ್ರೂ ಪರವಾಗಿಲ್ಲ, ಸರಿ ಮಾಡ್ಕೋಬಹುದು. ಕೈ ಮರೆತ್ರೆ ಕಷ್ಟ."

ಒಡೆದ ತುಂಡುಗಳನ್ನು ಇಳಿಸುವಾಗ ಒಂದು ಅವನ ಬಲ ಅಂಗೈಗೆ ಆಳವಾಗಿ ನೆಟ್ಟಿತು. ಹೊಸ ಗಾಜು ಸೋಮವಾರ ಎಂದು ಹೇಳಿ, ಮುಂಗಟ್ಟಿಗೆ ಹಲಗೆ ಹೊಡೆದು, ಕೈಗೆ ಕರವಸ್ತ್ರ ಸುತ್ತಿಕೊಂಡು ಹೊರಟ. ಅಂಗಡಿಗೆ ಹೋಗಲಿಲ್ಲ. ಅಂಟುಪಟ್ಟಿಯೂ ಒತ್ತಲಿಲ್ಲ.

ಆಸ್ಪತ್ರೆಯ ಹಿಂಬಾಗಿಲು ದಾರಿಯಲ್ಲೇ. ಐದೂವರೆಗೆ ಬಟ್ಟೆ ವಿಭಾಗದವರಿಗೆ ಹತ್ತು ನಿಮಿಷ ಬಿಡುವು. ಒಳಗಿನ ಹಬೆ ಬಾಗಿಲಿನಿಂದ ಹೊಗೆಯಂತೆ ಬರುತ್ತಿತ್ತು. ಹೆಂಡತಿ ಮೊಣಕೈ ತನಕ ಕೆಂಪಾದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು.

"ಏನ್ರೀ, ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ?" ಅಷ್ಟು ಹೇಳಿ ಅವಳೇ ನಿಂತಳು. ಇವತ್ತು ಸಭೆ ಇದ್ದದ್ದು ನೆನಪಾಗಿರಬೇಕು.

"ನೀಲಿ ಪುಸ್ತಕ ನಿನಗೆ ಗೊತ್ತಾ?"

ಅವಳು ಗೋಡೆಗೆ ಒರಗಿದಳು. "ನಾನೇ ತಂದ್ಕೊಟ್ಟೆ."

"ಯಾವಾಗ?"

"ಆ ಕಿಟಕಿ ಲೆಕ್ಕದ ವಾರ. ಎರಡು ದಿನ ಊಟ ಬಿಟ್ಟಿದ್ಲು. ಮಿಸ್ ಹೇಳೋದು ಬರೆದ್ರೆ ಅಪ್ಪನಿಗೆ ಬೇಜಾರು, ಅಪ್ಪ ಹೇಳೋದು ಬರೆದ್ರೆ ಕ್ಲಾಸಲ್ಲಿ ನಗ್ತಾರೆ, ಏನ್ಮಾಡ್ಲಿ ಅಮ್ಮ ಅಂದ್ಲು. ಎರಡು ಪುಸ್ತಕ ಇಟ್ಕೋ ಅಂದೆ."

"ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀವು ಏನ್ಮಾಡ್ತಿದ್ರಿ? ಅವತ್ತಿಂದ ಆ ಮೇಜಿಗೆ ಬೆನ್ನು ಹಾಕಿ ಕೂತ್ಕೋತಿದ್ರಿ. ಯಾರೂ ಬೈದಿರಲ್ಲ, ನೀವೇ ಸಣ್ಣವರಾಗಿಬಿಡ್ತೀರಿ. ನನಗೆ ಗೊತ್ತಿಲ್ವಾ. ಅವಳಿಗೂ ಗೊತ್ತು."

"ಮೆಟ್ಟಿಲ ಮೇಲೆ ಕೂತು ಬರೀತಾಳಂತೆ. ಬಾಗಿಲು ತೆಗೆಯೋಕೆ ಮುಂಚೆ."

ಇದು ಅವಳಿಗೂ ಗೊತ್ತಿರಲಿಲ್ಲ. ಅವಳು ಕಣ್ಣಿಗೆ ಹಬೆ ಬಂದವಳಂತೆ ಮುಖ ಒರೆಸಿಕೊಂಡಳು. ಒಳಗಿನಿಂದ ಯಾರೋ ಕರೆದರು. "ಬೈಬೇಡಿ ಅವಳಿಗೆ," ಎಂದಳು. "ಕೈಗೇನಾಯ್ತು?"

"ಏನಿಲ್ಲ."

ಅವನಿಗೆ ಬೈಯಬೇಕೆಂದು ಅನಿಸಿರಲೇ ಇಲ್ಲ. ಅವನಿಗಿದ್ದ ಚಿಂತೆ ಬೇರೆ. ತನಗೆ ಗೊತ್ತಾಗಿದೆ ಎಂದು ಹೇಳಿದರೆ ಈ ಅರ್ಧ ಗಂಟೆ ಇವತ್ತಿಗೆ ಮುಗಿಯುತ್ತದೆ. ಹೇಳದಿದ್ದರೆ ಸೋಮವಾರ ಬೆಳಗ್ಗೆ ಅವಳು ಮತ್ತೆ ಮೆಟ್ಟಿಲ ಮೇಲೆ ಕೂರುತ್ತಾಳೆ. ಮೂರು ವರ್ಷ ಎಂದು ಹಾಕಿಟ್ಟ ಲೆಕ್ಕದಲ್ಲಿ ಎರಡು ತಿಂಗಳ ಹಿಂದೆಯೇ ಸೊನ್ನೆ ಬಂದಾಗಿತ್ತು, ನೋಡಿಕೊಂಡಿರಲಿಲ್ಲ, ಅಷ್ಟೇ. ಬಸ್ಸು ನಿಲ್ದಾಣದ ತನಕ ಒಂದನ್ನು ತೀರ್ಮಾನಿಸಿದ, ನಿಲ್ದಾಣದಿಂದ ಮನೆಯ ತನಕ ಇನ್ನೊಂದನ್ನು.

ಕೆಳಮನೆಯ ಅಜ್ಜಿಯ ಬಳಿ ಇದ್ದ ಪಿಟೀಲು ಅವನ ಹೆಜ್ಜೆ ಕೇಳಿ ಮೇಲೆ ಬಂದಳು. ಮುಖ ನೋಡಿದಳು, ಕರವಸ್ತ್ರ ನೋಡಿದಳು. ಮೂರನೇ ಸಲ ತೊಳೆಯಲು ಹೇಳುವುದನ್ನೂ ಮರೆತಳು, ಅವನೇ ತೊಳೆದ. ಅಂಗೈಗಳನ್ನು ಮೇಜಿನ ಮೇಲಿಟ್ಟ.

ಟಾರ್ಚಿನ ಬೆಳಕು ಬಲ ಅಂಗೈ ಮೇಲೆ ಬಿತ್ತು. "ಇದು ದೊಡ್ಡದು," ಎಂದಳು.

"ಹೂಂ."

"ಮಿಸ್ ಏನಂದ್ರು?" ಕಣ್ಣು ಅಂಗೈ ಮೇಲೆಯೇ ಇತ್ತು. ದನಿ ಹವಾಮಾನ ಕೇಳಿದಂತಿತ್ತು.

"ಒಳ್ಳೇದೇ ಅಂದ್ರು."

"ಪುಸ್ತಕ ತೋರಿಸಿದ್ರಾ?"

ಹೇಳದಿರುವ ತೀರ್ಮಾನ ಅವನ ನಾಲಿಗೆಯ ತುದಿಯಲ್ಲಿ ಒಂದು ಕ್ಷಣ ಕುಳಿತು ಜಾರಿತು. "ತೋರಿಸಿದ್ರು."

ಅವಳು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈ ಬಳಸಿ, ಚಿಮಟದಿಂದ ಆ ಚೂರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದಳು. ಚೂರು ಡಬ್ಬಿಗೆ ಬಿತ್ತು, ಟಾರ್ಚು ಮತ್ತೆ ಕೈಗೆ ಬಂತು. ಅಭ್ಯಾಸಬಲದಿಂದ ಬೆಳಕು ಎಡಗೈಗೆ, ಹೆಬ್ಬೆರಳಿನ ಬುಡಕ್ಕೆ ಹೋಗಿ ಅಲ್ಲೇ ನಿಂತಿತು.

"ಇವತ್ತು ಇಲ್ಲ," ಎಂದಳು.

"ಏನಿಲ್ಲ?"

"ದಿನಾ ಇರೋದು. ನೀನು ಬಿಟ್ಕೊಂಡು ಬರೋದು."

ಅವನು ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ಮೂರನೇ ಕ್ಲಾಸಿಂದ. ದಿನಾ ಅದೇ ಜಾಗ ಅಪ್ಪ. ಗಾಜಿಗೇನು ವಿಳಾಸ ಗೊತ್ತಿರುತ್ತಾ?"

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ಡಬ್ಬಿಯ ಮುಚ್ಚಳ ತಿರುಗಿಸಿದಳು. ಅದು ಮುಚ್ಚಿದ ಮೇಲೂ ತಿರುಗಿಸುತ್ತಲೇ ಇದ್ದಳು. "ನಿನಗೆ ಇಷ್ಟ ಅಂತ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಎದ್ದು ಅದನ್ನು ಬಿಗಿ ಮಾಡಿ ಬಂದು ಕುಳಿತ. "ನೀಲಿ ಪುಸ್ತಕ ತಗೊಂಡು ಬಾ," ಎಂದ.

"ಬೈತೀಯಾ?"

"ಇಲ್ಲ."

"ನಿನ್ನ ಲೆಕ್ಕ ತಪ್ಪು ಅಂತ ನಾನು ಬರೆದಿಲ್ಲಪ್ಪ. ಅದು ಮಿಸ್ ಪುಸ್ತಕ. ಇದು ನಮ್ಮ ಪುಸ್ತಕ. ಎರಡೂ ಸರಿ ಇರಬಾರದಾ?" ಅವಳ ದನಿ ಹಳೆಯ ಪಿಟೀಲಿನ ಶ್ರುತಿಗೆ ಏರತೊಡಗಿತ್ತು.

"ಇವತ್ತು ನಾನು ನಿಮ್ಮ ಮಿಸ್ ಲೆಕ್ಕದ ಥರ ಗಾಜು ಕೊಯ್ದೆ," ಎಂದ ಅವನು. "ಬೇಕರಿಯದು. ಏನೂ ಬಿಡದೆ."

ಅವಳು ಅಳು ನಿಲ್ಲಿಸಿದಳು. "ಒಡೀತಾ?"

"ಒಡೀತು. ಈ ಮೂಲೆಯಿಂದ ಆ ಮೂಲೆಗೆ."

ಅವಳ ಮುಖದಲ್ಲಿ ಗೆದ್ದ ಕಳೆ ಬಂತು, ಅಪ್ಪನ ಮುಖ ನೋಡಿದ ಕೂಡಲೇ ಹೋಯಿತು. "ಮಿಸ್‌ಗೆ ಹೇಳ್ಲಾ?"

"ಬೇಡ. ಅವರದ್ದೂ ಸರಿನೇ. ಅವರ ಪುಸ್ತಕದಲ್ಲಿ ಬಿಸಿಲು ಬರಲ್ಲ." ಅವನು ಕಂದು ಪುಸ್ತಕವನ್ನು ಹತ್ತಿರ ಎಳೆದುಕೊಂಡ. ತೆರೆಯಲಿಲ್ಲ. "ಇನ್ಮೇಲೆ ಒಂದೇ ಪುಸ್ತಕ ಸಾಕು. ಮಿಸ್ ಹೇಳಿದ ಹಾಗೆ ಈ ಮೇಜಲ್ಲೇ ಬರಿ. ಮೆಟ್ಟಿಲ ಮೇಲೆ ಕೂರಬೇಡ. ಚಳಿ ಇರುತ್ತೆ."

"ನೀನು?"

"ನಾನು ಇಲ್ಲೇ ಕೂತಿರ್ತೀನಿ."

"ಏನ್ಮಾಡ್ತಾ?"

"ಕೂತಿರ್ತೀನಿ," ಎಂದ ಮತ್ತೆ.

ನೀಲಿ ಪುಸ್ತಕ ಬಂತು. ಅವಳು ಪಠ್ಯಪುಸ್ತಕವನ್ನು ನಡುವೆ ತೆರೆದಿಟ್ಟು, ಪೆನ್ಸಿಲಿನ ತುದಿ ಕಚ್ಚಿ, ಬರೆಯತೊಡಗಿದಳು. ಬರೆಯುತ್ತ ಬರೆಯುತ್ತ ಅವಳ ಎಡಗೈ ತಾನಾಗಿ ಪುಸ್ತಕದ ಸುತ್ತ ಬಂದು, ಪರೀಕ್ಷೆಯಲ್ಲಿ ಪಕ್ಕದವರಿಗೆ ಕಾಣದಂತೆ ಮಕ್ಕಳು ಹಿಡಿಯುತ್ತಾರಲ್ಲ ಹಾಗೆ, ಹಾಳೆಯನ್ನು ಮರೆ ಮಾಡಿತು. ಎರಡು ತಿಂಗಳು ಬಚ್ಚಿಟ್ಟು ಬರೆದ ಕೈ ಅದು. ಅವಳಿಗೆ ಗೊತ್ತಾಗಲಿಲ್ಲ. ಅವನು ಕಣ್ಣು ತಿರುಗಿಸಿ ಗೋಡೆಯ ಗಡಿಯಾರ ನೋಡಿದ. ಆರೂಮುಕ್ಕಾಲು. ಇಷ್ಟು ದಿನ ಇದ್ದಕ್ಕಿದ್ದಂತೆ ಏಳು ಗಂಟೆಯಾಗಿಬಿಡುತ್ತಿತ್ತು. ಇವತ್ತು ಮುಳ್ಳು ಅಲ್ಲೇ ನಿಂತಿತ್ತು. ಗಾಯದ ಸುತ್ತ ಅಂಗೈ ಮಿಡಿಯುತ್ತಿತ್ತು. ಕೈಗಳಿಗೆ ಏನು ಕೆಲಸ ಕೊಡುವುದೆಂದು ತಿಳಿಯದೆ ಅವನು ಅವನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಪೆನ್ಸಿಲಿನ ಸದ್ದು ನಿಂತಿತು.

"ಅಪ್ಪ."

"ಏನು?"

"ಏಳೆಂಟ್ಲೆ ಎಷ್ಟು?"

ಅವನು ಅವಳತ್ತ ನೋಡಿದ. ಅವಳು ತಲೆ ಎತ್ತಿರಲಿಲ್ಲ. ಹಣೆಯ ಕೂದಲು ಪುಸ್ತಕದ ಮೇಲೆ ಬಿದ್ದಿತ್ತು, ಪೆನ್ಸಿಲು ಹಾಳೆಗೆ ತಾಗದೆ ಕಾಯುತ್ತಿತ್ತು. ನಡುವೆ ತೆರೆದಿದ್ದ ಪಠ್ಯಪುಸ್ತಕದ ಲೆಕ್ಕ ಅವನಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಒಂದು ತೋಟ, ಇಪ್ಪತ್ತೈದು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ಸುತ್ತ ಬೇಲಿ. ಅದರಲ್ಲಿ ಏಳೂ ಇರಲಿಲ್ಲ, ಎಂಟೂ ಇರಲಿಲ್ಲ.

"ಐವತ್ತಾರು," ಎಂದ.

"ಹಾಂ," ಎಂದು ಅವಳು ಏನನ್ನೋ ಬರೆದುಕೊಂಡಳು.